ಬೂದನ ಸುಳಿ, ಪುಟ್ಟಸಿದ್ದಮ್ಮನ ಹುಣಿಸೆ ಬೀಜ

ಮನೆಯಲ್ಲಿ ಒಂದರ ಹಿಂದೆ ಒಂದು ತೊಂದರೆ ಬಂದಾಗ ನಾವು ಏನು ಮಾಡುತ್ತೇವೆ? ಯಾರ ತಲೆಗೆ ಕಟ್ಟಲಿ ಎಂದು ಸುತ್ತಮುತ್ತ ನೋಡುತ್ತೇವೆ. ಸೊಸೆಯ ಕಾಲ್ಗುಣ ಸಿಗುತ್ತದೆ, ನೆರೆಯವಳ ಕಣ್ಣು ಸಿಗುತ್ತದೆ. ಕಗ್ಗಲಿಕೊಪ್ಪಲಿನ ಸಿದ್ದಮಲ್ಲಪ್ಪನಿಗೆ ಸಿಕ್ಕಿದ್ದು ಅವನ ಸ್ವಂತ ಎತ್ತು.

ಕಗ್ಗಲಿಕೊಪ್ಪಲು ಪಿರಿಯಾಪಟ್ಟಣ ತಾಲ್ಲೂಕಿನ ಸಣ್ಣ ಊರು. ಹಾರನಹಳ್ಳಿ ಸಂತೆಗೆ ನಡೆದೇ ಹೋಗಿ ಬರಬಹುದು. ಸಿದ್ದಮಲ್ಲಪ್ಪನಿಗೆ ಒಂದಿಷ್ಟು ಹೊಲ, ಕೆರೆಯ ಕೆಳಗೆ ತುಂಡು ಗದ್ದೆ, ಹೆಂಡತಿ ಪುಟ್ಟಸಿದ್ದಮ್ಮ, ಒಂದು ಜೊತೆ ಎತ್ತು. ಜೊತೆಯಲ್ಲಿ ಒಬ್ಬ ಕೆಂದ, ಸಂತೆಯಿಂದ ಬಂದವನು. ಇನ್ನೊಬ್ಬ ಬೂದ, ಮನೆಯಲ್ಲೇ ಹುಟ್ಟಿದವನು. ಹುಟ್ಟಿದ ವಾರಕ್ಕೇ ಅವನ ತಾಯಿ ಸತ್ತಿತು. ಪುಟ್ಟಸಿದ್ದಮ್ಮ ನೆರೆಮನೆಯಿಂದ ಹಾಲು ತಂದು, ಸೆರಗಿನ ತುದಿ ಅದ್ದಿ ಚೀಪಿಸಿ, ಆಮೇಲೆ ರಾಗಿ ಗಂಜಿ ಕುಡಿಸಿ ಕರುವನ್ನು ಉಳಿಸಿಕೊಂಡಳು. ಈಗ ಅವನಿಗೆ ಕೊಂಬು ಬಂದಿದೆ, ಹೆಗಲು ಬಂದಿದೆ. ಆದರೂ ಅವಳ ಸೆರಗು ಕಂಡರೆ ಸಾಕು, ಬಾಯಿಗೆ ಹಾಕಿಕೊಳ್ಳುತ್ತಾನೆ. ಅವಳ ಸೀರೆಗಳಲ್ಲಿ ಸೆರಗು ನೆಟ್ಟಗಿರುವುದು ಒಂದೂ ಇಲ್ಲ.

ಆ ವರ್ಷ ಯುಗಾದಿ ಕಳೆದ ಮೇಲೆ ಬೂದನ ಹೆಗಲಿಗೆ ನೊಗ ಇಟ್ಟರು. ಅದೇ ತಿಂಗಳು ಅಟ್ಟದಿಂದ ಬೆಲ್ಲದ ಗಡಿಗೆ ಬಿದ್ದು ಒಡೆಯಿತು. ಮುಂಗುಸಿ ಎರಡು ಕೋಳಿ ಹೊತ್ತುಕೊಂಡು ಹೋಯಿತು. ಆಮೇಲೆ ಸಿದ್ದಮಲ್ಲಪ್ಪನಿಗೆ ಚಳಿಜ್ವರ ಹಿಡಿಯಿತು. ದಿನ ಬಿಟ್ಟು ದಿನ ಬರುವ ಜ್ವರ. ಬಂದರೆ ಮೂರು ಕಂಬಳಿ ಹೊದ್ದರೂ ಹಲ್ಲು ಕಟಕಟ ಅನ್ನುತ್ತಿತ್ತು. ಪಿರಿಯಾಪಟ್ಟಣದ ಆಸ್ಪತ್ರೆಯಲ್ಲಿ ಕೊಯಿನಾ ಮಾತ್ರೆ ಕೊಟ್ಟರು. ಎರಡು ದಿನ ನುಂಗಿ, ವಿಷದ ಹಾಗೆ ಕಹಿ ಎಂದು ಮುಖ ಹಿಂಡಿ, ಉಳಿದದ್ದನ್ನು ಸೂರಿನ ಸಂದಿಗೆ ಸಿಕ್ಕಿಸಿದ.

ಆಗ ಬಂದವನು ಕುಳ್ಳಯ್ಯ. ಕುಳ್ಳಯ್ಯ ದನದ ದಲ್ಲಾಳಿ. ಟವಲಿನ ಕೆಳಗೆ ಕೈ ಹಿಡಿದು, ಬೆರಳು ಮುಟ್ಟಿಯೇ ವ್ಯಾಪಾರ ಮುಗಿಸುವುದರಲ್ಲಿ ಅವನ ಮುಂದೆ ಯಾರೂ ಇಲ್ಲ. ಸುಳಿ ನೋಡುವುದರಲ್ಲೂ ಹೆಸರುವಾಸಿ. ದನದ ಮೈಮೇಲೆ ಕೂದಲು ಸುತ್ತಿಕೊಂಡಿರುವ ಜಾಗ ನೋಡಿ, ಅದು ಮನೆಗೆ ಆಗುತ್ತದೋ ಇಲ್ಲವೋ ಎಂದು ಹೇಳುತ್ತಿದ್ದ. ಜಗಲಿಯ ಮೇಲೆ ಎಲೆ ಅಡಿಕೆ ಹಾಕಿಕೊಂಡು ಸಿದ್ದಮಲ್ಲಪ್ಪನ ಕಷ್ಟವನ್ನೆಲ್ಲ ಕೇಳಿದ. ಕೇಳಿದ ಮೇಲೆ ಎದ್ದು ಕೊಟ್ಟಿಗೆಗೆ ಹೋದ. ಬೂದನ ಬಲಭುಜದ ಹಿಂದೆ ಬೆರಳಿಟ್ಟು ತಲೆ ಅಲ್ಲಾಡಿಸಿದ.

"ಮನೆಮುರುಕ ಸುಳಿ ಕಣಪ್ಪ. ಮೊದ್ಲು ಗಡಿಗೆ ಒಡೀತದೆ. ಆಮೇಲೆ ಕೋಳಿ ಓಯ್ತದೆ. ಕಡೀಗೆ ಯಜಮಾನ್ನ ತಲೇಗೆ ಬತ್ತದೆ."

"ಈಗೇನ್ ಮಾಡಾದು ಕುಳ್ಳಯ್ಯಣ್ಣ?" ಸಿದ್ದಮಲ್ಲಪ್ಪನ ಮುಖ ಬಾಡಿತು.

"ಮುಂದಿನ ಸಂತೇಗೆ ಒಡ್ಕೊಂಡ್ ಬಾ. ಇಂಥದ್ನ ಯಾರೂ ತಗೊಳಾಕಿಲ್ಲ. ನೀನು ನಮ್ಮೋನು ಅಂತ ನಾನೇ ಅರ್ಧ ಬೆಲೇಗೆ ಇಡ್ಕೊಂಡು ದೂರ ಸಾಗಾಕ್ತೀನಿ."

ಪುಟ್ಟಸಿದ್ದಮ್ಮ ಬಾಗಿಲ ಹಿಂದೆ ನಿಂತು ಎಲ್ಲವನ್ನೂ ಕೇಳಿದಳು. ಅವಳಿಗೆ ಅಳು ಬಂತು. ಗಂಡನ ಜೀವ ಒಂದು ಕಡೆ, ಕೈಯಾರೆ ಗಂಜಿ ಕುಡಿಸಿದ ಬೂದ ಒಂದು ಕಡೆ. ಸುಳಿ ನಿಜವಾಗಿದ್ದರೆ ಎತ್ತನ್ನು ಇಟ್ಟುಕೊಳ್ಳಿ ಅನ್ನುವುದಕ್ಕೆ ಅವಳಿಗೆ ಯಾವ ಬಾಯಿ? ಆದರೆ ನಿಜವೋ ಸುಳ್ಳೋ ಎಂದು ಯಾರನ್ನು ಕೇಳುವುದು? ಸಂತೆಗೆ ಇನ್ನು ಏಳು ದಿನ ಇತ್ತು.

ಮಾರನೆಯ ದಿನ ಬೆಳಿಗ್ಗೆ ಲಾಳ ಕಟ್ಟುವ ಗಯಾಸುದ್ದೀನ್ ಸಾಬರು ಊರಿಗೆ ಬಂದರು. ಪಿರಿಯಾಪಟ್ಟಣದವರು. ಅಪ್ಪ, ತಾತನ ಕಾಲದಿಂದ ಅದೇ ಕಸುಬು. ತಿಂಗಳಿಗೆ ಒಂದು ಸಲ ಬಂದು ಆಲದ ಮರದ ಕೆಳಗೆ ಕೂರುತ್ತಾರೆ, ಸಂತೆಯ ದಿನ ಹಾರನಹಳ್ಳಿಯಲ್ಲಿ ಕೂರುತ್ತಾರೆ. ಎತ್ತಿಗೆ ಹಗ್ಗ ಸುತ್ತಿ ನೋವಾಗದ ಹಾಗೆ ಕೆಡವಿ, ಹೆದರದಿರಲಿ ಎಂದು ಕಣ್ಣಿನ ಮೇಲೆ ಗೋಣಿ ಹೊದಿಸಿ, ಗೊರಸು ಹೆರೆದು ಲಾಳ ಹೊಡೆಯುತ್ತಾರೆ. ಪುಟ್ಟಸಿದ್ದಮ್ಮ ಕುಡಿಯಲು ಮಜ್ಜಿಗೆ ತೆಗೆದುಕೊಂಡು ಹೋದಳು.

"ಗಯಾಸಣ್ಣ, ನಿಮ್ಗೆ ಸುಳಿ ಶಾಸ್ತ್ರ ಗೊತ್ತಾ?"

"ಇಲ್ಲ ತಂಗ್ಯವ್ವ. ನಂಗೆ ಗೊರಸು ಗೊತ್ತು, ಮೊಳೆ ಗೊತ್ತು. ಯಾಕೆ?"

ಅವಳು ಎಲ್ಲವನ್ನೂ ಹೇಳಿದಳು. ಸಾಬರು ಮಜ್ಜಿಗೆ ಕುಡಿದು, ಮೀಸೆ ಒರೆಸಿಕೊಂಡು ಲೋಟ ಕೆಳಗಿಟ್ಟರು.

"ನೋಡವ್ವ, ಸುತ್ತ ಮೂವತ್ತೂರಿನ ಎತ್ತು ನನ್ನ ಕಣ್ಮುಂದೆ ಮಲಗ್ತವೆ. ಮೈಯೆಲ್ಲ ಕಾಣ್ತದೆ. ನೀನು ಏಳೋ ಜಾಗ್ದಾಗೆ ಸುಳಿ ಇರೋ ಎತ್ತು ಎಷ್ಟೋ ಕಂಡಿವ್ನಿ. ಕೆಲವ್ರ ಮನೆ ಕಷ್ಟದಾಗದೆ, ಕೆಲವ್ರ ಮನೆ ತುಂಬಿ ತುಳುಕ್ತಾ ಅದೆ. ಒಂದ್ ಮಾತು ಕೇಳ್ಲಾ? ಕುಳ್ಳಯ್ಯ ಮೊದ್ಲು ಸುಳಿ ನೋಡುದ್ನೋ, ಮೊದ್ಲು ನಿಮ್ಮ ಕಷ್ಟ ಕೇಳುದ್ನೋ?"

ಪುಟ್ಟಸಿದ್ದಮ್ಮ ಯೋಚಿಸಿದಳು. "ಮೊದ್ಲು ಕಷ್ಟ ಕೇಳ್ದ."

"ಅಲ್ವಾ? ಕಷ್ಟ ಬಂದೋರ ಕೊಟ್ಟಿಗೇಲಿ ಸುಳಿ ಉಡುಕ್ತಾರೆ. ಸುಕವಾಗಿರೋರ ಕೊಟ್ಟಿಗೇಗೆ ಯಾರು ಓಯ್ತಾರೆ?"

"ಅಂಗಾದ್ರೆ ಸುಳಿ ಸುಳ್ಳು ಅಂತೀರಾ?"

"ನಾನಂದೆ ಅಂತ ನಂಬಬ್ಯಾಡ." ಸಾಬರು ನಕ್ಕರು. "ಎತ್ತು ನಿಮ್ಮನೇಲೇ ಉಳುದ್ರೆ ನಂಗೆ ಲಾಳದ ಕೂಲಿ ಬತ್ತದೆ. ನನ್ ಮಾತ್ನಾಗೂ ನನ್ ಲಾಭ ಅದೆ. ನೀನೇ ಓಗಿ ನೋಡು. ಎರಡೂ ಥರದ ಮನೇನೂ ನೋಡು."

ಆ ವಾರ ಪುಟ್ಟಸಿದ್ದಮ್ಮ ಹೆಪ್ಪು ಕೇಳದ ಮನೆ ಊರಲ್ಲಿ ಇಲ್ಲ. ಬೆಳಿಗ್ಗೆ ಎದ್ದು ಬಟ್ಟಲು ಹಿಡಿದು "ಒಂಚೂರು ಹೆಪ್ಪು ಕೊಡಕ್ಕ" ಎಂದು ಹೋಗುವುದು, ಮನೆಯ ಮುಂದೆ ಕಟ್ಟಿದ ಎತ್ತಿನ ಬಲಭುಜ ನೋಡುವುದು, ಈ ವರ್ಷ ಮನೆಯಲ್ಲಿ ಯಾರಿಗಾದರೂ ಚಳಿಜ್ವರ ಬಂತೇ ಎಂದು ಮಾತಿಗೆ ಮಾತು ಸೇರಿಸಿ ಕೇಳುವುದು. ಮನೆಗೊಂದು ಹುಣಿಸೆ ಬೀಜವನ್ನು, ಸುಳಿ ಇದ್ದರೆ ಸೆರಗಿನ ಒಂದು ಗಂಟಿಗೆ, ಇಲ್ಲದಿದ್ದರೆ ಇನ್ನೊಂದು ಗಂಟಿಗೆ ಹಾಕಿಕೊಂಡಳು; ಜ್ವರ ಬಂದ ಮನೆಯದಾದರೆ ಬೀಜದ ಒಂದು ಮಗ್ಗುಲು ಬೆಳ್ಳಗೆ ತೇಯ್ದಳು. "ಇವಳಿಗೇನಾಯ್ತೆ, ಇಷ್ಟೊಂದು ಹೆಪ್ಪು ತಗೊಂಡು ಕೆರೇನೇ ಮೊಸರು ಮಾಡ್ತಾಳಾ?" ಎಂದು ಬಾವಿಕಟ್ಟೆಯಲ್ಲಿ ಹೆಂಗಸರು ನಕ್ಕರು.

ಸಂತೆಯ ಹಿಂದಿನ ಸಂಜೆ ಅವಳು ಜಗಲಿಯ ಮೇಲೆ ಬೀಜ ಹರಡಿದಳು. ಸಿದ್ದಮಲ್ಲಪ್ಪ ಕಂಬಳಿ ಹೊದ್ದು ಕೂತಿದ್ದ.

"ಇಲ್ನೋಡಿ. ಎತ್ತಿರೋ ಮನೆ ಇಪ್ಪತ್ತೇಳು. ಆ ಸುಳಿ ಇರೋ ಮನೆ ನಮ್ದೂ ಸೇರಿ ಒಂಬತ್ತು. ಅದ್ರಾಗೆ ಜ್ವರ ಬಂದಿದ್ದು ಮೂರು ಮನೇಗೆ."

"ನೋಡ್ದಾ, ಬಂದದಲ್ಲ."

"ತಡೀರಿ. ಸುಳಿ ಇಲ್ದಿರೋ ಮನೆ ಹದ್ನೆಂಟು. ಅದ್ರಾಗೆ ಆರು ಮನೇಗೆ ಜ್ವರ. ಸುಳಿ ಇದ್ರೂ ಮೂರ್ರಾಗೆ ಒಂದು, ಇಲ್ದಿದ್ರೂ ಮೂರ್ರಾಗೆ ಒಂದು. ಸುಳಿ ಏನ್ ಮಾಡ್ದಂಗಾಯ್ತು?"

ಸಿದ್ದಮಲ್ಲಪ್ಪ ಬೀಜಗಳನ್ನು ಮುಟ್ಟಿ ಮುಟ್ಟಿ ಎಣಿಸಿದ. ಎರಡು ಸಲ ಎಣಿಸಿದ.

"ಕೆರೆ ಏರಿ ಪಕ್ಕದ ಸುಂದ್ರಮ್ಮಂಗೆ ಎತ್ತೇ ಇಲ್ಲ," ಪುಟ್ಟಸಿದ್ದಮ್ಮ ಮುಂದುವರಿಸಿದಳು. "ಅವ್ಳಿಗೂ ನಿಮ್ದೇ ಜ್ವರ. ಅವ್ಳತ್ರ ಇರಾದು ಒಂದು ಹುಂಜ. ಅದುಕ್ ಯಾವ ಸುಳಿ ಅದೆ ಕೇಳಿ ಬರ್ಲಾ?"

ಸಿದ್ದಮಲ್ಲಪ್ಪನಿಗೆ ನಗು ಬಂತು. ಆದರೆ ಜೀವದ ಭಯ ಅಷ್ಟು ಸುಲಭಕ್ಕೆ ಬಿಡುತ್ತದೆಯೇ? "ಆ ಎತ್ತುಗಳ್ಗೆ ಬೇರೆ ಒಳ್ಳೇ ಸುಳಿ ಇದ್ದೀತು ಕಣೆ. ಅದು ಕೆಟ್ಟದ್ನ ಹೊಡೆದಾಕ್ತದೆ. ಅದೆಲ್ಲ ಕುಳ್ಳಯ್ಯಂಗೇ ಗೊತ್ತು."

"ಸರಿ, ಅವ್ನನ್ನೇ ಕೇಳಾಣ. ನಾಳೆ ಬೂದನ್ನ ಸಂತೇಲಿ ಗಯಾಸಣ್ಣನ ಮುಂದೆ ಕೆಡಗಿ, ಗೋಣಿ ಹೊದ್ಸಿ, ಸುಳಿ ಒಂದ್ನೇ ತೋರ್ಸಾಣ. ಯಾರೆತ್ತು ಅಂತ ಏಳಾದ್ ಬ್ಯಾಡ. ಮನೆಮುರುಕ ಅಂತ ಅವ್ನು ಮತ್ತೆ ಅಂದ್ರೆ ನಾನೇ ನನ್ ಕೈಯಾರೆ ಹಗ್ಗ ಕೊಡ್ತೀನಿ."

"ಆಮೇಲೆ ಅಳಾಕಿಲ್ವಾ?"

"ಅತ್ರೂ ಕೊಡ್ತೀನಿ."

ಸಿದ್ದಮಲ್ಲಪ್ಪ ಒಪ್ಪಿದ. ಆ ಮಾತು ಕೊಟ್ಟ ಮೇಲೆ ಪುಟ್ಟಸಿದ್ದಮ್ಮ ಕೊಟ್ಟಿಗೆಗೆ ಹೋಗಿ ಬೂದನ ಮುಂದೆ ಇನ್ನೊಂದು ಹಿಡಿ ಹುಲ್ಲು ಹಾಕಿದಳು. ಪರೀಕ್ಷೆ ಅಂದ ಮೇಲೆ ತಾನು ಸೋಲಲೂಬಹುದು ಎಂದು ಅವಳಿಗೆ ಗೊತ್ತಿತ್ತು.

ಸಂತೆಯ ದಿನ ಗಯಾಸುದ್ದೀನ್ ಸಾಬರು ಬೂದನನ್ನು ಎಡಮಗ್ಗುಲಿಗೆ ಮಲಗಿಸಿದರು. ಕಣ್ಣಿನ ಮೇಲೆ ಎಂದಿನಂತೆ ಗೋಣಿ. ಮೈಮೇಲೆ ಇನ್ನೆರಡು ಗೋಣಿ. ಬಲಭುಜದ ಹಿಂದೆ ಅಂಗೈಯಷ್ಟು ಜಾಗ ಮಾತ್ರ ಕಾಣುತ್ತಿತ್ತು. ಗಂಡ ಹೆಂಡತಿ ಪಕ್ಕದಲ್ಲಿದ್ದ ಒಂದು ಮರದ ಹಿಂದೆ ನಿಂತರು. ಸಾಬರು ಕುಳ್ಳಯ್ಯನನ್ನು ಕರೆದರು. ಸುತ್ತ ನಾಲ್ಕು ಜನ ಸೇರಿದರು.

"ಕುಳ್ಳಯ್ಯನೋರೆ, ಈ ಎತ್ತಿನ ಯಜಮಾನ್ರು ಮಾರಾಕೆ ಬಂದವ್ರೆ. ನಿಮ್ಮ ಕೈಲಿ ಮಾರ್ಸಿದ್ರೆ ಒಳ್ಳೇ ಬೆಲೆ ಬತ್ತದಾ? ಸುಳಿ ಒಸಿ ನೋಡಿ."

ಕುಳ್ಳಯ್ಯ ಕೂತು ಬೆರಳಿಟ್ಟ. ಸುತ್ತಿದ ಕೂದಲನ್ನು ಸವರಿದ. ಪುಟ್ಟಸಿದ್ದಮ್ಮ ಮರದ ತೊಗಟೆಯನ್ನು ಗಟ್ಟಿಯಾಗಿ ಹಿಡಿದುಕೊಂಡಳು.

"ಆಹಾ," ಅಂದ ಕುಳ್ಳಯ್ಯ, ನಾಲ್ಕು ಜನಕ್ಕೂ ಕೇಳುವ ಹಾಗೆ. "ಕಣಜದ ಸುಳಿ ಕಣ್ರಪ್ಪ ಇದು. ಇದ್ನ ಕಟ್ಟಿದ ಮನೇಲಿ ರಾಗಿ ಮುಗಿಯಾಕಿಲ್ಲ. ಯಜಮಾನ ನೂರ್ ವರ್ಸ ಬಾಳ್ತಾನೆ. ನಂಗೆ ಬುಡಿ, ಒಳ್ಳೇ ಬೆಲೇಗೆ ಮಾರ್ಸಿಕೊಡ್ತೀನಿ."

ಪುಟ್ಟಸಿದ್ದಮ್ಮನಿಗೆ ತಡೆಯಲಾಗಲಿಲ್ಲ. ಮರದ ಹಿಂದಿನಿಂದ ಓಡಿ ಬಂದು ಎತ್ತಿನ ತಲೆಯ ಹತ್ತಿರ ಕೂತಳು. ಗೋಣಿಯ ಅಡಿಯಿಂದ ಒಂದು ಉದ್ದ ನಾಲಿಗೆ ಹೊರಗೆ ಬಂತು. ಅವಳ ಸೆರಗನ್ನು ಸುತ್ತಿ ಒಳಗೆ ಎಳೆದುಕೊಂಡು ಆರಾಮವಾಗಿ ಅಗಿಯತೊಡಗಿತು.

ಆ ಸೀಮೆಯಲ್ಲಿ ಸೆರಗು ತಿನ್ನುವ ಎತ್ತು ಒಂದೇ. ಕುಳ್ಳಯ್ಯನ ಬೆರಳು ಸುಳಿಯ ಮೇಲೇ ಉಳಿಯಿತು.

"ಅದು," ಅಂದ ಕುಳ್ಳಯ್ಯ, "ಎತ್ತು ನಿಂತಾಗ ಸುಳಿ ಒಂದು ದಿಕ್ಕಿಗೆ ತಿರುಗ್ತದೆ. ಮಲಗ್ದಾಗ ಇನ್ನೊಂದು ದಿಕ್ಕಿಗೆ ತಿರುಗ್ತದೆ."

ಸಿದ್ದಮಲ್ಲಪ್ಪ ಮುಂದೆ ಬಂದ. ಕಂಬಳಿ ಹೆಗಲ ಮೇಲಿತ್ತು, ಮುಖ ಮಾತ್ರ ಅರಳಿತ್ತು.

"ಅಂಗಾರೆ ಕುಳ್ಳಯ್ಯಣ್ಣ, ನನ್ನೆತ್ತು ಮಲಗ್ದಾಗ ನಾನು ನೂರ್ ವರ್ಸ ಬಾಳ್ತೀನಿ, ಅದು ಎದ್ದು ನಿಂತ್ರೆ ಸತ್ತೋಯ್ತೀನಾ? ಈಗ ಇದ್ನ ಎಬ್ಬಿಸ್ಲಾ ಬ್ಯಾಡ್ವಾ ಏಳು."

ಸಂತೆ ನಕ್ಕಿತು. ಉಪ್ಪು ಮಾರುವವನು ನಕ್ಕ, ಬಳೆಗಾರ ನಕ್ಕ, ಗಯಾಸುದ್ದೀನ್ ಸಾಬರು ಸುತ್ತಿಗೆ ಕೆಳಗಿಟ್ಟು ಹೊಟ್ಟೆ ಹಿಡಿದುಕೊಂಡು ನಕ್ಕರು. ಕೊನೆಗೆ ಕುಳ್ಳಯ್ಯನೂ ನಕ್ಕ. ಪಾಪ, ಬೇರೆ ದಾರಿ ಇರಲಿಲ್ಲ.

"ನಮ್ಮಪ್ಪ ಏಳ್ಕೊಟ್ಟಿದ್ದು ಕಣ್ರೋ," ಅಂದ. "ಕೊಳ್ಳಾಗ ಒಂದು ಮಾತು, ಮಾರಾಗ ಒಂದು ಮಾತು. ನಾನು ಯಾವತ್ತೂ ಎಣಿಸಿ ನೋಡ್ಲಿಲ್ಲ."

"ನಾನು ಎಣಿಸ್ದೆ," ಅಂದಳು ಪುಟ್ಟಸಿದ್ದಮ್ಮ, ಎತ್ತಿನ ಬಾಯಿಂದ ಸೆರಗು ಬಿಡಿಸಿಕೊಳ್ಳುತ್ತ.

ಬೂದನಿಗೆ ನಾಲ್ಕು ಕಾಲಿಗೂ ಹೊಸ ಲಾಳ ಬಿತ್ತು. ಅಂದೇ ಅವಳು ಗಂಡನನ್ನು ಗಾಡಿಯಲ್ಲಿ ಕೂರಿಸಿಕೊಂಡು ಪಿರಿಯಾಪಟ್ಟಣದ ಆಸ್ಪತ್ರೆಗೆ ಹೋದಳು. ಅಲ್ಲೂ ಸುಮ್ಮನೆ ಕೂರಲಿಲ್ಲ. "ಕಾಂಪೌಂಡರ್ ಸ್ವಾಮಿ, ಈ ಕಹಿ ತಿಂದೋರು ವಾಸಿಯಾಗವ್ರಾ? ಎಷ್ಟ್ ಜನ?" ಎಂದು ಕೇಳಿದಳು. ಕಾಂಪೌಂಡರು ಬೇಸರ ಮಾಡಿಕೊಳ್ಳಲಿಲ್ಲ. ಹೇಳಿದಷ್ಟು ದಿನ ತಪ್ಪದೆ ನುಂಗಿದವರ ಹೆಸರು ಹೇಳಿ, ಹೋಗಿ ವಿಚಾರಿಸಿ ಬಾ ಎಂದರು. ಅವಳು ದಾರಿಯಲ್ಲಿ ಮೂರು ಮನೆಯಲ್ಲಿ ವಿಚಾರಿಸಿಯೂ ಬಂದಳು; ಮೂವರೂ ವಾಸಿಯಾಗಿದ್ದರು. ಸೊಳ್ಳೆ ಕಚ್ಚಿ ಈ ಜ್ವರ ಹರಡುತ್ತದೆ ಎಂದು ಕಾಂಪೌಂಡರು ಹೇಳಿದ್ದರಿಂದ, ಮನೆಯ ಹಿಂದಿನ ನೀರು ನಿಂತ ಗುಂಡಿಯನ್ನು ಕೆಂದ, ಬೂದ ಎಳೆದು ತಂದ ಮಣ್ಣಿನಲ್ಲೇ ಮುಚ್ಚಿಸಿದಳು. ಸಿದ್ದಮಲ್ಲಪ್ಪ ಮುಖ ಹಿಂಡುತ್ತಲೇ ಅಷ್ಟೂ ಮಾತ್ರೆ ನುಂಗಿದ. ಸುಂದ್ರಮ್ಮನೂ ನುಂಗಿದಳು. ಮಳೆ ಹದವಾಗಿ ಬಿದ್ದಾಗ ಅವನು ತಾನೇ ನೇಗಿಲು ಹಿಡಿದು ಹೊಲಕ್ಕೆ ಇಳಿದ. ಅದನ್ನು ನೋಡಿ ಪುಟ್ಟಸಿದ್ದಮ್ಮನಿಗಾದ ಸಂತೋಷವನ್ನು ನಾನು ಬರೆದು ಮುಗಿಸಲಾರೆ.

ಓದುವ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ಅನುಮಾನ ಪಡುವವರನ್ನು ನಾವು ಮೊಂಡರು ಅನ್ನುತ್ತೇವೆ. ಪುಟ್ಟಸಿದ್ದಮ್ಮ ಯಾರ ಮೇಲೂ ಜಗಳಕ್ಕೆ ಹೋಗಲಿಲ್ಲ, ಯಾರನ್ನೂ ಹೀಗಳೆಯಲಿಲ್ಲ. ಕೇಳಿದಳು, ನೋಡಿದಳು, ಎಣಿಸಿದಳು, ತಾನು ಸೋತರೆ ಒಪ್ಪಿಕೊಳ್ಳಲೂ ತಯಾರಾಗಿದ್ದಳು. ನಿಮ್ಮ ಜಗಲಿಗೂ ಯಾರಾದರೂ ಬಂದು ಹೆದರಿಸಿದರೆ ಮೊದಲು ಒಂದು ಲೋಟ ನೀರು ಕೊಡಿ. ಆಮೇಲೆ ಮೆಲ್ಲಗೆ ಕೇಳಿ: ನಿಮಗೆ ಇದು ಹೇಗೆ ಗೊತ್ತಾಯಿತು? ಇದರಿಂದ ನಿಮಗೇನು ಸಿಗುತ್ತದೆ? ಹೀಗಿದ್ದೂ ಚೆನ್ನಾಗಿರುವವರನ್ನು ನೋಡಿದ್ದೀರಾ? ಸುಳ್ಳಾದರೆ ಅಲ್ಲೇ ತಡವರಿಸುತ್ತದೆ. ನಿಜವಾದರೆ ನಿಮ್ಮ ಪ್ರಶ್ನೆಯಿಂದ ಅದಕ್ಕೆ ಒಂದು ಕೂದಲೂ ಕೊಂಕುವುದಿಲ್ಲ.

ಈ ಕಥೆ ಹೇಳಿದ ನನ್ನನ್ನೂ ಸುಮ್ಮನೆ ನಂಬಬೇಡಿ. ಒಂದು ಹಿಡಿ ಹುಣಿಸೆ ಬೀಜ ತೆಗೆದುಕೊಂಡು ನಿಮ್ಮೂರಿನ ಕೊಟ್ಟಿಗೆಗಳನ್ನೆಲ್ಲ ನೀವೇ ಒಂದು ಸುತ್ತು ನೋಡಿ ಬನ್ನಿ. ಸೆರಗು ಮಾತ್ರ ಜೋಪಾನ.