ಯಂತ್ರದ ಹಣೆಗಿಟ್ಟ ಬೊಟ್ಟು

ಒಂದಾನೊಂದು ಕಾಲದಲ್ಲಿ ಒಂದು ಎತ್ತಿತ್ತಂತೆ. ಗಾಡಿಯವನು ತೂಕಡಿಸಿದರೂ ಅದು ದಾರಿಬದಿಯ ಮೈಲಿಗಲ್ಲು ನೋಡಿಕೊಂಡೇ ಮನೆ ಸೇರುತ್ತಿತ್ತಂತೆ. ಒಂದು ದಿನ ಯಾರೋ ಪುಣ್ಯಾತ್ಗಿತ್ತಿ ಮೈಲಿಗಲ್ಲನ್ನೇ ದೇವರೆಂದುಕೊಂಡು ಅರಿಸಿನ ಕುಂಕುಮ ಬಳಿದುಬಿಟ್ಟಳು. ಎತ್ತಿಗೆ ಗುರುತು ಸಿಗಲಿಲ್ಲ. ಮನೆ ದಾಟಿ ಹೋಗಿ ಗೋಡೆಗೆ ಹಾಯ್ದು ನಿಂತಿತು.

ಈ ಕಥೆ ಹೇಳಿ ಬೊಚ್ಚುಬಾಯಲ್ಲಿ ನಗುತ್ತಿದ್ದ ನಮ್ಮಜ್ಜಿ, ಶೆಂಬಗವಲ್ಲಿ ಆಚ್ಚಿ, ನಿದ್ದೆಯಲ್ಲೇ ತೀರಿಕೊಂಡಳು. ಅದೇ ಬೆಳಿಗ್ಗೆ ನಮ್ಮ ಪ್ರಿಂಟರಿನೊಳಗೆ ಶಾಯಿ ಹೊತ್ತು ಓಡಾಡುವ ಗಾಡಿಯೂ ಗೋಡೆಗೆ ಹಾಯ್ದು ನಿಂತಿತು.

ಕೋವಿಲ್‌ಪಟ್ಟಿಯ ನಮ್ಮ ಮನೆಯ ಮುಂಗೋಣೆಯೇ ನನ್ನ ಫೋಟೋ ಸ್ಟುಡಿಯೋ. ಬೀದಿಯಲ್ಲಿ ಯಾರು ಸತ್ತರೂ ಗೋಡೆಗೆ ಅಂಟಿಸುವ ಕಣ್ಣೀರಿನ ಶ್ರದ್ಧಾಂಜಲಿಯ ಚಿತ್ರ ಅಲ್ಲೇ ಅಚ್ಚಾಗಬೇಕು. ಹಿಂದಿನ ಸಂಜೆ ರಿಪೇರಿಯ ಚೆಲ್ಲದುರೈ ಅಣ್ಣ ಪ್ರಿಂಟರಿನ ಬೆಲ್ಟು ಬದಲಿಸಿ ಹೋದ ಮೇಲೆ ಆಚ್ಚಿ ಗಂಧ ಕುಂಕುಮದ ಬಟ್ಟಲು ಹಿಡಿದು ಬಂದಿದ್ದಳು. ರಿಪೇರಿಯಾದ ಯಂತ್ರಕ್ಕೆ ಬೊಟ್ಟಿಡದೆ ಚಾಲೂ ಮಾಡಲು ಅವಳು ಬಿಡುತ್ತಿರಲಿಲ್ಲ.

"ನಂಗಂತೂ ನಿಮ್ಮ ತಾತ ಹೋದಾಗ್ಲೇ ಹಣೆ ಬರಿದಾಯ್ತು. ಇದಕ್ಕಾದ್ರೂ ಇರ್ಲಿ," ಎಂದು ಮುಚ್ಚಳ ಎತ್ತಿ ಒಳಗೆ ಕೈಯಾಡಿಸಿದಳು. "ನಾಳೆ ಮೊದಲ್ನೇದು ನನ್ನ ಫೋಟೋ ಹಾಕು, ನೀಲಿ ಸೀರೇದು. ಬೇರೆ ಅಂಗಡೀಲಲ್ಲ, ನಿನ್ನ ಕೈಲೇ."

"ಅಪ್ಪಣೆ ಮಹಾರಾಣಿ," ಎಂದಿದ್ದೆ.

ಈಗ ಅಂಗಳದಲ್ಲಿ ತಮಟೆ ಶುರುವಾಗಿತ್ತು. ನಾನು ಮತ್ತೆ ಮತ್ತೆ ಸ್ವಿಚ್ ಒತ್ತುತ್ತಿದ್ದೆ. ಶಾಯಿ ಹೊತ್ತ ಗಾಡಿ ಬಲಕ್ಕೆ ನುಗ್ಗಿ ಟಕ್ಕೆಂದು ಬಡಿದು ನಿಲ್ಲುತ್ತಿತ್ತು. ಕೆಂಪು ದೀಪ ಮಿನುಗುತ್ತಿತ್ತು.

ತಮ್ಮ ಇಸಕ್ಕಿ ಬಾಗಿಲಿಗೆ ಬಂದ. "ಅಕ್ಕಾ, ಚಟ್ಟ ಕಟ್ಟಿ ಆಯ್ತು. ಮಾವ ಬಯ್ತಿದ್ದಾರೆ. ಬಸ್‌ಸ್ಟ್ಯಾಂಡ್ ಹತ್ರ ಪ್ರಿಂಟ್ ಹಾಕಿಸ್ಕೊಂಡು ಬರ್ಲಾ?"

"ಬೇಡ ಕಣೋ. ಮಾತು ಕೊಟ್ಟಿದ್ದೀನಿ."

ಚೆಲ್ಲದುರೈ ಅಣ್ಣನಿಗೆ ಫೋನ್ ಮಾಡಿದೆ.

"ನಾನು ಬಿಟ್ಟಾಗ ಸರಿ ಇತ್ತಲ್ಲಮ್ಮಾ! ಕರೆಂಟ್ ತೆಗೆದು ಕೈಯಲ್ಲಿ ತಳ್ಳು. ಎಲ್ಲಾದ್ರೂ ಸಿಕ್ಕಾಕ್ಕೊಳ್ಳುತ್ತಾ?"

ತಳ್ಳಿದೆ. ಈ ತುದಿಯಿಂದ ಆ ತುದಿಗೆ ನೀರಿನಂತೆ ಜಾರಿತು. ಕಾಗದದ ಚೂರೂ ಇರಲಿಲ್ಲ, ಬೆಲ್ಟೂ ಬಿಗಿಯಾಗಿತ್ತು.

"ಹಂಗಾದ್ರೆ ಅದಕ್ಕೆ ದಾರಿ ಕಾಣ್ತಿಲ್ಲ. ಹಿಂದೆ ಗಾಜಿನ ಥರ ತೆಳ್ಳಗೊಂದು ಪಟ್ಟಿ ಇದೆಯಲ್ಲ, ಸಣ್ಣ ಗೆರೆ ಇರೋದು? ಅದನ್ನ ನೋಡ್ಕೊಂಡೇ ಅದು ಓಡೋದು. ಕೊಳೆ ಆಗಿದ್ರೆ ಒದ್ದೆ ಬಟ್ಟೇಲಿ ಒರೆಸು."

ಟಾರ್ಚ್ ಬೆಳಕು ಬಿಟ್ಟೆ. ಪಟ್ಟಿಯ ನಡುಮಧ್ಯದಲ್ಲಿ ಒಣಗಿದ ಗಂಧ, ಅದರ ಮೇಲೆ ಕುಂಕುಮ. ಅದರಲ್ಲಿ ಆಚ್ಚಿಯ ಬೆರಳಿನ ಸುಳಿ ಸ್ಪಷ್ಟವಾಗಿ ಮೂಡಿತ್ತು.

ಇಸಕ್ಕಿ ಬಗ್ಗಿ ನೋಡಿದ. "ಹುಡುಕಿ ಹುಡುಕಿ ಅಲ್ಲೇ ಇಟ್ಟಿದ್ದಾಳಲ್ಲ ಮುದುಕಿ," ಎಂದು ನಗಲು ಹೋಗಿ ಬಿಕ್ಕಿದ.

ಸೆರಗಿನ ತುದಿ ಒದ್ದೆ ಮಾಡಿಕೊಂಡೆ. ಕೈ ಮುಂದೆ ಹೋಗಲಿಲ್ಲ. ಅಂಗಳದಲ್ಲಿದ್ದ ಮೈಯನ್ನು ಇನ್ನು ಸ್ವಲ್ಪ ಹೊತ್ತಿಗೆ ಒಯ್ಯುತ್ತಿದ್ದರು. ಅವಳ ಬೆರಳು ಈ ಲೋಕದಲ್ಲಿ ಉಳಿದಿದ್ದುದು ಇಷ್ಟೇ ಜಾಗದಲ್ಲಿ.

"ನಾನು ಒರೆಸ್ಲಾ ಅಕ್ಕಾ?"

"ಬೇಡ. ನನ್ನ ಕೈಲೇ ಅಂದಿದ್ಲು."

ಮಗುವಿನ ಹಣೆ ಒರೆಸುವಂತೆ ಮೆಲ್ಲಗೆ ಒರೆಸಿದೆ. ಸೆರಗು ಕೆಂಪಾಯಿತು.

ಸ್ವಿಚ್ ಒತ್ತಿದೆ. ಗಾಡಿ ಬಲಕ್ಕೆ ಹೋಯಿತು, ಬಡಿಯಲಿಲ್ಲ, ತಿರುಗಿ ಬಂದಿತು. ಮೊದಲು ನರೆತ ಬೈತಲೆ ಬಂತು, ಆಮೇಲೆ ಬರಿ ಹಣೆ, ನಗುವ ಕಣ್ಣು, ಬೊಚ್ಚುಬಾಯಿ. ಕೊನೆಗೆ ನೀಲಿ ಸೀರೆಯ ಅಂಚೂ ಮುಗಿದು, ಹಾಳೆ ಬೆಚ್ಚಗೆ ನನ್ನ ಕೈಗೆ ಬಂತು.