ನಂದಿಯ ಬಂಡೆ

"ಇಳಿಯಲೇ ಕೆಳಗ, ಸೂಳೀಮಗನ. ಕಲ್ಲಿಗಿ ಪರವಾನಗಿ ಐತಿ, ನಿನಗ ಯಾರು ಕೊಟ್ಟಾರ?"

ಬ್ರೇಕ್ ಇನ್ಸ್‌ಪೆಕ್ಟರ್ ಸಾಹೇಬರು ಕತ್ತೆತ್ತಿ ಬೈಯುತ್ತಿದ್ದದ್ದು ಹುಲ್ಲಪ್ಪನನ್ನು. ಟ್ರೇಲರಿನ ಮೇಲೆ ಹಗ್ಗ, ಸರಪಳಿ ಬಿಗಿದುಕೊಂಡು ಕೂತಿದ್ದ ಕೆಂಪು ಗ್ರ್ಯಾನೈಟ್ ಬಂಡೆಯ ನೆತ್ತಿಯಲ್ಲಿ ಅವನು ಬಿದಿರಿನ ಗಳ ಹಿಡಿದು ನಿಂತಿದ್ದ. ರಸ್ತೆಗೆ ಅಡ್ಡ ಜೋತುಬಿದ್ದ ಕರೆಂಟಿನ ತಂತಿಗಳನ್ನು ಗಳದಿಂದ ಎತ್ತಿ ಬಂಡೆ ದಾಟಿಸುವುದು ಅವನ ಕೆಲಸ. ಊರು ಬಂದಾಗ, ತಿರುವು ಬಂದಾಗ ಕೆಂಪು ಬಾವುಟ ಹಿಡಿದು ಟ್ರೇಲರಿನ ಮುಂದೆ ನಡೆಯುವುದು ಅವನ ಹೆಂಡತಿ ಲಗಮವ್ವನ ಕೆಲಸ. ಉಳಿದ ದಿನಗಳಲ್ಲಿ ಇಬ್ಬರೂ ಇಳಕಲ್ಲಿನ ದೇಸಾಯಿಯ ಕ್ವಾರಿಯಲ್ಲಿ ಕಲ್ಲು ಒಡೆಯುತ್ತಿದ್ದರು.

ಸಾಹೇಬರು ಟೇಪು ಹಿಡಿಸಿ ಬಂಡೆಯ ಅಗಲ ಅಳೆದರು, ಎತ್ತರ ಅಳೆದರು. ಎಲ್ಲ ಕಾಗದದಲ್ಲಿದ್ದಂತೆಯೇ ಇತ್ತು. ಹೆಚ್ಚಿಗೆ ಇದ್ದದ್ದು ಹುಲ್ಲಪ್ಪ ಒಬ್ಬನೇ.

"ನಿನ್ನ ಸೇರಿಸಿದ್ರ ಎತ್ತರ ಆರು ಫೂಟು ಜಾಸ್ತಿ ಆಗತೈತಿ. ಎಷ್ಟು ಕತ್ತರಿಸಲಿ? ಮೊಣಕಾಲಿನ ತನಕಾನೋ, ಸೊಂಟದ ತನಕಾನೋ?"

ಜೀಪಿನಲ್ಲಿ ಕೂತವರು ನಕ್ಕರು. ಲಗಮವ್ವ ಸಾಹೇಬರ ಹೊಟ್ಟೆಯನ್ನೇ ನೋಡಿದಳು. ಅದನ್ನು ಅಳೆಯಲು ಯಾರಿಗೂ ಟೇಪು ಕೊಟ್ಟಿರಲಿಲ್ಲ.

ಬಂಡೆ ಬಾಗಲಕೋಟೆಯ ನವನಗರಕ್ಕೆ ಹೊರಟಿತ್ತು. ಅಲ್ಲಿ ಕ್ವಾರಿಯ ಧಣಿ ಬಸವಂತ ದೇಸಾಯಿ ಗುಡಿ ಕಟ್ಟಿಸುತ್ತಿದ್ದ. ಗುಡಿಯ ಮುಂದೆ ಒಂದೇ ಕಲ್ಲಿನ ನಂದಿ ಆಗಬೇಕಿತ್ತು. ಅಷ್ಟು ದೊಡ್ಡ ಕಲ್ಲನ್ನು ಸರ್ಕಾರದ ರಸ್ತೆಯ ಮೇಲೆ ಸಾಗಿಸಲು ಬೇರೆ ಪರವಾನಗಿ ಬೇಕು. ಆ ಕಾಗದದ ಬೆನ್ನಿಗೆ ಹನ್ನೊಂದು ಶರತ್ತು. ಹೊತ್ತು ಮುಳುಗುವುದರೊಳಗೆ ಮುಟ್ಟಬೇಕು, ಮುಂದೆ ಬೆಂಗಾವಲಿನ ಜೀಪು ಇರಬೇಕು, ತಂತಿ ಇದ್ದಲ್ಲಿ ಕರೆಂಟು ತೆಗೆಸಲು ಲೈನ್‌ಮನ್ ಜೊತೆಗಿರಬೇಕು. ಸಾಹೇಬರು ಒಂದೊಂದನ್ನೇ ಓದುತ್ತ ಬಂದು ಲೈನ್‌ಮನ್ನಿನ ಶರತ್ತಿಗೆ ನಿಂತರು.

"ಎಲ್ಲೆದಾನ್ರಿ ಲೈನ್‌ಮನ್, ದೇಸಾಯರ?"

ಬೆಂಗಾವಲಿನ ಜೀಪಿನಲ್ಲಿ ಕೂತಿದ್ದ ದೇಸಾಯಿ ಗದ್ದ ಎತ್ತಿ ಬಂಡೆಯ ನೆತ್ತಿ ತೋರಿಸಿದ. "ಅಲ್ಲೇ ನಿಂತಾನಲ್ರಿ."

ಸಾಹೇಬರು ಮೇಲೆ ನೋಡಿದರು, ದೇಸಾಯಿಯ ಮುಖ ನೋಡಿದರು, ಮುಗುಳ್ನಕ್ಕು ಕಾಗದದ ಅಂಚಿಗೆ "ಲೈನ್‌ಮನ್ ಹಾಜರ್" ಎಂದು ಗೀಚಿದರು. ಶಾಲೆಯ ಕಟ್ಟೆ ಹತ್ತದ ಹುಲ್ಲಪ್ಪ ನಿಂತಲ್ಲೇ ಸರ್ಕಾರಿ ನೌಕರನಾದ. ಸಾಹೇಬರು ಜೀಪು ಹತ್ತಿದರು. ನವನಗರದಲ್ಲಿ ಬಂಡೆ ಇಳಿಯುವಾಗ ಫೋಟೋ ತೆಗೆಸುವುದಿತ್ತು, ಅವರೂ ಬರುವವರಿದ್ದರು.

ಹುನಗುಂದದಲ್ಲಿ ಪೂಜಾರಿ ಕಾದಿದ್ದ. ಏಣಿ ಹತ್ತಿ ಬಂಡೆಗೆ ವಿಭೂತಿ ಬಳಿದ, ಹಾರ ಹಾಕಿದ, ಕೊಡ ನೀರು ಸುರಿದ. ಇಳಿಯುವಾಗ ಅವನ ಕಣ್ಣು ಹುಲ್ಲಪ್ಪನ ಕಾಲಿಗೆ ಬಿತ್ತು. ಟಾಯರಿನ ಚಪ್ಪಲಿ.

"ಥೂ, ದೇವರ ಮ್ಯಾಲೆ ಮೆಟ್ಟು ಹಾಕ್ಕೊಂಡು ನಿಂತಾನ. ದೇಸಾಯರ, ಏನ್ರಿ ಇದು? ಜಾತಿ ನೋಡಿ ಹತ್ತಸಬಾರದ?"

"ಬಿಚ್ಚಲೇ ಹುಲ್ಲ್ಯಾ," ಎಂದ ದೇಸಾಯಿ.

ಹುಲ್ಲಪ್ಪ ತಡವರಿಸಿದ. "ಧಣಿ, ತಂತಿ ಎತ್ತಬೇಕಲ್ರಿ. ಗಳಾನೂ ಹಸೀದೈತಿ."

ಟ್ರೇಲರಿನ ಡ್ರೈವರ್ ಲಾಡಸಾಬ ಕಿಟಕಿಯಿಂದ ತಲೆ ಹೊರಗೆ ಹಾಕಿದ. "ರಬ್ಬರ್ ಇದ್ರ ಚಲೋರಿ ಧಣಿ. ಕರೆಂಟಿನ ಕೆಲಸ."

"ನೀ ನಿನ್ನ ಗಾಡಿ ಹೊಡಿ. ದೇವರ ಸುದ್ದಿ ನಿನಗ್ಯಾಕ?"

ಆ ಬಂಡೆಯನ್ನು ನೆಲದಿಂದ ಬಿಡಿಸಲು ಹುಲ್ಲಪ್ಪ ನಾಲ್ಕು ತಿಂಗಳು ಅದರ ಮೇಲೆ ಕೂತು ಉಳಿ ಹೊಡೆದಿದ್ದ, ಅದರ ಮೇಲೆಯೇ ರೊಟ್ಟಿ ತಿಂದಿದ್ದ. ಆಗ ಅದು ಬರಿಯ ಕಲ್ಲಾಗಿತ್ತು. ಈಗ ಅವನು ಚಪ್ಪಲಿ ಬಿಚ್ಚಿ ಕೆಳಗೆ ಎಸೆದ. ಲಗಮವ್ವ ಆರಿಸಿಕೊಂಡು ಸೆರಗಿನಲ್ಲಿ ಕಟ್ಟಿಕೊಂಡಳು.

ಅಮೀನಗಡದಲ್ಲಿ ಟ್ರೇಲರನ್ನು ಬಿಸಿಲಲ್ಲಿ ನಿಲ್ಲಿಸಿ ಜೀಪು ಊಟಕ್ಕೆ ಹೋಯಿತು. ಹೋದದ್ದು ಒಂದೂವರೆ ತಾಸಿಗೆ ಬಂತು. ಸಾಹೇಬರು ಹಲ್ಲಿನ ಸಂದಿಗೆ ಕಡ್ಡಿ ಹಾಕುತ್ತ, ಹೊತ್ತು ಮುಳುಗುತ್ತದೆ, ಜಲ್ದಿ ಜಲ್ದಿ ಎಂದು ಡ್ರೈವರನಿಗೆ ಗದರಿದರು.

ಅಮೀನಗಡ ದಾಟಿ ಎರಡು ಮೈಲು ಹೋಗಿರಬೇಕು. ತಿರುವಿನಲ್ಲಿ ಲಗಮವ್ವ ಬಾವುಟ ಬೀಸುತ್ತ ಮುಂದಿದ್ದಳು. ಬೆನ್ನ ಹಿಂದೆ ಚಟಾರೆಂದು ಸದ್ದಾಯಿತು. ತಿರುಗಿದಾಗ ಬಂಡೆಯ ಮೇಲೆ ನೀಲಿ ಬೆಳಕು ಆರುತ್ತಿತ್ತು, ಗಳ ಉರಿಯುತ್ತಿತ್ತು. ಗಂಡ ಅಲ್ಲಿರಲಿಲ್ಲ. ಟ್ರೇಲರಿನ ಹಲಗೆಯ ಮೇಲೆ, ಸರಪಳಿಗಳ ನಡುವೆ ಮಡಚಿಕೊಂಡು ಬಿದ್ದಿದ್ದ. ಅಂಗೈ ಎರಡೂ ಕಪ್ಪಾಗಿ ಸೀಳಿದ್ದವು. ಮೂಗಿನ ಹತ್ತಿರ ಕೈ ಹಿಡಿದಳು. ಉಸಿರಿತ್ತು.

ಜೀಪು ಹಿಂದಕ್ಕೆ ಬಂತು. ಲಗಮವ್ವ ದೇಸಾಯಿಯ ಕಾಲು ಹಿಡಿದಳು.

"ಯಪ್ಪಾ, ಜೀವ ಐತ್ರಿ. ಜೀಪಿನಾಗ ಹಾಕ್ರಿ. ಬಾಗಲಕೋಟಿ ದವಾಖಾನಿ ಮುಟ್ಟಿಸ್ರಿ."

ದೇಸಾಯಿ ಜೀಪಿನ ಹೊಸ ಸೀಟು ನೋಡಿದ, ಹುಲ್ಲಪ್ಪನ ಕೈ ನೋಡಿದ, ಆಮೇಲೆ ಸಾಹೇಬರ ಕಡೆ ನೋಡಿದ. ಸಾಹೇಬರು ಕಾಗದ ಬಿಡಿಸಿದರು.

"ಶರತ್ತು ಒಂಬತ್ತು. ಬೆಂಗಾವಲಿನ ವಾಹನ ಸರಕು ಬಿಟ್ಟು ಎಲ್ಲೂ ಹೋಗಾಕ ಬರೂದಿಲ್ಲ. ನಾ ಏನ್ ಮಾಡ್ಲೆವ್ವಾ, ರೂಲ್ಸ್ ಐತಿ."

"ಮಧ್ಯಾನ ಊಟಕ್ಕ ಹೋಗಿತ್ತಲ್ರಿ ಜೀಪು."

"ಹೆಚ್ಚಿಗಿ ಮಾತಾಡಬ್ಯಾಡ. ಬಸ್ಸು ಬರತಾವ, ಯಾವುದರೆ ಹತ್ತಸು."

ಬಸ್ಸುಗಳು ಬಂದಿದ್ದವು. ರಸ್ತೆ ತುಂಬ ಬಂಡೆಯೇ ಇದ್ದುದರಿಂದ ಅವೆಲ್ಲ ಹಿಂದೆ ಸಾಲುಗಟ್ಟಿ ಹಾರ್ನು ಹೊಡೆಯುತ್ತಿದ್ದವು. ಸಾಹೇಬರು ಜೀಪಿನ ಬಾನೆಟ್ಟಿನ ಮೇಲೆ ಕಾಗದವಿಟ್ಟು "ಲೈನ್‌ಮನ್ ಹಾಜರ್" ಎಂಬುದನ್ನು ನೀಟಾಗಿ ಹೊಡೆದುಹಾಕಿದರು. ಅದರ ಕೆಳಗೆ "ಸರಕಿನ ಮೇಲೆ ಯಾರೂ ಇರಲಿಲ್ಲ" ಎಂದು ಬರೆದು ಸಹಿ ಮಾಡಿದರು. ದೇಸಾಯಿ ಮೊಬೈಲು ತೆಗೆದು, ಹಾರ ತರುವವರಿಗೆ ಅರ್ಧ ತಾಸು ತಡವಾಗುತ್ತದೆಂದು ಹೇಳಿದ.

ಲಾಡಸಾಬ ಕೆಳಗಿಳಿದು ಬಂದ. ಹುಲ್ಲಪ್ಪನ ಎದೆಗೆ ಕಿವಿ ಇಟ್ಟು ಕೇಳಿದ. ಎದ್ದು ಎಂಜಿನ್ನಿನ ಹಿಂದೆ ಹೋಗಿ ಟ್ರೇಲರಿನ ಬ್ರೇಕಿಗೆ ಹೋಗುವ ಗಾಳಿಯ ಪೈಪುಗಳನ್ನು ಒಂದೊಂದಾಗಿ ಕಿತ್ತ. ಬುಸ್ಸೆಂದು ಗಾಳಿ ಹೋಯಿತು.

"ತಂಗಿ, ಇಲ್ಲಿ ಬಾ. ಈ ಹಿಡಿಕಿ ತಿರುವು."

ಲಗಮವ್ವ ಎರಡೂ ಕೈಯಿಂದ ಹಿಡಿಕೆ ತಿರುವಿದಳು. ಟ್ರೇಲರಿನ ಕಬ್ಬಿಣದ ಕಾಲುಗಳು ಇಳಿದು ಡಾಂಬರಿಗೆ ಊರಿದವು. ಬಂಡೆಯ ಭಾರಕ್ಕೆ ಡಾಂಬರು ಬಿರಿಯಿತು. ಲಾಡಸಾಬ ಕೆಳಗೆ ನುಸುಳಿ ಕೊಂಡಿ ಎಳೆದ. ಎಂಜಿನ್ ಬೇರೆ, ಬಂಡೆ ಬೇರೆ ಆಯಿತು.

ದೇಸಾಯಿಗೆ ಆಗ ಗೊತ್ತಾಯಿತು. "ಲೇ ಲಾಡ್ಯಾ, ಏನ್ ಮಾಡಾಕತ್ತಿ? ನಡುರಸ್ತಿಯಾಗ ಬಿಟ್ಟು ಹೋಗ್ತಿ ಏನಲೇ?"

"ಶರತ್ತು ಜೀಪಿಗಿ ಐತ್ರಿ ಧಣಿ. ಎಂಜಿನ್ನಿಗಿ ಇಲ್ಲ."

ಇಬ್ಬರೂ ಸೇರಿ ಹುಲ್ಲಪ್ಪನನ್ನು ಎತ್ತಿ ಡ್ರೈವರನ ಹಿಂದಿನ ಸೀಟಿನಲ್ಲಿ ಮಲಗಿಸಿದರು. ಸಾಹೇಬರು ಎಂಜಿನ್ನಿಗೆ ಅಡ್ಡ ಬಂದು ನಿಂತರು.

"ಲೈಸೆನ್ಸ್ ರದ್ದು ಮಾಡ್ತೇನಿ, ಮಗನ. ಜನ್ಮದಾಗ ಸ್ಟೇರಿಂಗ್ ಹಿಡಿಯಂಗಿಲ್ಲ ನೀ."

ಲಾಡಸಾಬ ಕಿಸೆಯಿಂದ ಲೈಸೆನ್ಸು ತೆಗೆದು ಕಿಟಕಿಯಿಂದ ಅವರ ಬೂಟಿನ ಹತ್ತಿರ ಒಗೆದ. ಸಾಹೇಬರು ಕದಲಲಿಲ್ಲ.

ಲಗಮವ್ವ ಬಾಗಿಲಿನ ಮೆಟ್ಟಿಲ ಮೇಲೆ ನಿಂತು ಹೇಳಿದಳು. "ಸರಿಯೋ ಹಾಟ್ಯಾ. ಬಂಡಿ ಮ್ಯಾಲೆ ಯಾರೂ ಇರಲಿಲ್ಲಂತ ಬರದಿ. ಇನ್ನ ಗಾಲಿ ಕೆಳಗೂ ಯಾರೂ ಇರಲಿಲ್ಲಂತ ಯಾರರೆ ಬರೀತಾರ."

ಎಂಜಿನ್ ಗುಡುಗಿತು. ಸಾಹೇಬರು ಸರಿದರು. ಕಾಗದವೊಂದನ್ನು ಮಾತ್ರ ಎದೆಗೆ ಅವಚಿಕೊಂಡಿದ್ದರು.

ಭಾರ ಕಳೆದುಕೊಂಡ ಎಂಜಿನ್ ಕುದುರೆಯಂತೆ ಓಡಿತು. ಲಗಮವ್ವ ಗಂಡನ ತಲೆಯನ್ನು ತೊಡೆಯ ಮೇಲೆ ಹಿಡಿದುಕೊಂಡಿದ್ದಳು. ಒಮ್ಮೆ ಅವನ ತುಟಿ ಅಲುಗಿತು.

"ಕಲ್ಲು..." ಎಂದ.

"ಅದರ ಮನಿ ಹಾಳಾಗ್ಲಿ. ನೀ ಜೀವ ಬಿಡಬ್ಯಾಡ," ಎಂದಳು.

ಬಾಗಲಕೋಟೆ ಇನ್ನೂ ಎಂಟು ಮೈಲಿರುವಾಗ ಚೆಕ್‌ಪೋಸ್ಟು ಕಾಣಿಸಿತು. ಅಷ್ಟರಲ್ಲಿ ಫೋನು ಹೋಗಿತ್ತು. ಬಿದಿರಿನ ಗೇಟು ಇಳಿದಿತ್ತು. ಅದರ ಮುಂದೆ ಇಬ್ಬರು ಪೊಲೀಸರು ಲಾಠಿ ಎತ್ತಿ ನಿಂತಿದ್ದರು. ಲಾಡಸಾಬನ ಕಾಲು ಬ್ರೇಕಿನ ಕಡೆ ಸರಿಯಿತು.

"ಏನ್ ಮಾಡ್ಲಿ ತಂಗಿ?"

ಲಗಮವ್ವ ಗಂಡನ ಎದೆಯ ಮೇಲೆ ಅಂಗೈ ಇಟ್ಟಿದ್ದಳು. ಅದು ಏಳುತ್ತಿದೆಯೋ, ಇಲ್ಲ ಎಂಜಿನ್ನಿನ ನಡುಕವೋ ತಿಳಿಯಲಿಲ್ಲ.

"ನಿಂದ್ರಬ್ಯಾಡಣ್ಣ. ಹೊಡಿ."

ಪೊಲೀಸರು ಆಚೀಚೆ ಹಾರಿದರು. ಗೇಟು ಎರಡು ತುಂಡಾಗಿ ಚರಂಡಿಗೆ ಬಿತ್ತು.