ಐದು ಪಾಯಿಂಟ್ ಸೊನ್ನೆ ಎರಡು

ಬಿಬವೇವಾಡಿಯ ನಮ್ಮ ಟೆಕ್ನಿಕಲ್ ಸಂಸ್ಥೆಯಲ್ಲಿ ಒಂದು ಡಿಸ್ಕ್ ಡ್ರೈವ್ ಇತ್ತು. ಇಟ್ಟಂಗಿಯ ಆಕಾರ, ಇಟ್ಟಂಗಿಯಷ್ಟೇ ಭಾರ, ಐದೂಕಾಲು ಇಂಚಿನ ಫ್ಲಾಪಿ ನುಂಗುವಂಥದ್ದು. ಅದಕ್ಕೆ ಕರೆಂಟು ಕೊಡುವ ಕಬ್ಬಿಣದ ಡಬ್ಬಿ ಬೇರೆ. ಯಾರೋ ಬೇಡವೆಂದು ದಾನ ಕೊಟ್ಟ ಸಾಮಾನು. 2002ರ ಹೊತ್ತಿಗೆ ಅಂಥದ್ದು ಪುಣೆಯ ಗುಜರಿಯಲ್ಲೂ ಸಿಗುತ್ತಿರಲಿಲ್ಲ. ಆದರೆ ಸಿಲೆಬಸ್ಸಿನಲ್ಲಿತ್ತು, ಹಾಗಾಗಿ ಲ್ಯಾಬಿನಲ್ಲೂ ಇತ್ತು.

ಆ ಲ್ಯಾಬಿನ ಪ್ಯೂನ್ ನಾನು, ಕಾಡಪ್ಪ. ಏಳನೇ ಇಯತ್ತೆಗೆ ಶಾಲೆ ಬಿಟ್ಟವನು. ಕಸ ಹೊಡೆಯುತ್ತ, ಟೇಬಲ್ ಒರೆಸುತ್ತ, ಮಾಸ್ತರರು ಹೇಳಿದ್ದನ್ನು ಕಿವಿಗೆ ಹಾಕಿಕೊಳ್ಳುತ್ತ ಮೀಟರ್ ಹಿಡಿಯುವುದನ್ನು ಕಲಿತೆ. ಅದಕ್ಕೆ ಮೂರು ಫ್ಯೂಜು, ಒಂದು ಬೆರಳು ಸುಟ್ಟವು. 1991ರಲ್ಲಿ ಈ ಡ್ರೈವು ಬಂದ ದಿನ ಯಾರೂ ಇರಲಿಲ್ಲ. ನಾನೇ ಜೋಡಿಸಿ, ಓಡಿಸಿ, ಅಳೆದೆ. ಕೆಂಪು ವೈರಿನಲ್ಲಿ 5.02 ವೋಲ್ಟ್, ಹಳದಿಯಲ್ಲಿ 12.10. ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟೆ. ಮರುದಿನ ಮಾಸ್ತರರು ನೋಡಿ, ‘ಬರೋಬರ ಅದ’ ಎಂದು ಕೆಳಗೆ ತಮ್ಮ ಸಹಿ ಹಾಕಿದರು. ಅವತ್ತಿನಿಂದ ಅದೇ ಉತ್ತರ.

ಹನ್ನೊಂದು ವರ್ಷ ಹೀಗೇ ನಡೆಯಿತು. ಪ್ರಾಕ್ಟಿಕಲ್ ಪರೀಕ್ಷೆಯ ಹಿಂದಿನ ದಿನ ಹುಡುಗರು ಬಂದು, “ಕಾಕಾ, ಜಾಬ್ ನಂಬರ್ ಸಾತ” ಎನ್ನುವುದು. ನಾನು ಆ ನೋಟ್‌ಬುಕ್ಕು ತೆಗೆದುಕೊಡುವುದು. ಅವರು ನೋಡಿ ಬರೆದುಕೊಳ್ಳುವುದು. ಅದು ನನಗೆ ತಪ್ಪು ಎನ್ನಿಸಿರಲಿಲ್ಲ. ಸುಳ್ಳೇಕೆ ಹೇಳಲಿ, ಹೆಮ್ಮೆಯೇ ಆಗುತ್ತಿತ್ತು. ಪ್ಯೂನ್ ಅಳೆದ ಎರಡು ಅಂಕಿ ಬರೆದು ಎಷ್ಟು ಮಂದಿ ಪಾಸಾಗಿ ಹೋದರು.

ಆ ವರ್ಷ ನೋಟ್‌ಬುಕ್ಕು ಕೇಳದೇ ಇದ್ದವಳು ಆರತಿ ಒಬ್ಬಳೇ. ಕೊಂಢವಾದಲ್ಲಿ ಕಟ್ಟುತ್ತಿದ್ದ ಬಿಲ್ಡಿಂಗಿನ ತಗಡಿನ ಶೆಡ್ಡಿನಿಂದ ಬರುತ್ತಿದ್ದಳು. ಅಪ್ಪ ಕಾಶಪ್ಪ, ಅವ್ವ ಅವ್ವಮ್ಮ, ಇಬ್ಬರೂ ಸೇಡಂ ಕಡೆಯಿಂದ ಬಂದು ಅಲ್ಲಿ ಉಸುಕು ಹೊರುತ್ತಿದ್ದರು. ರಾಂಜಣಗಾಂವದ ಒಂದು ಕಾರ್ಖಾನೆ ಅವಳನ್ನು ಅಪ್ರೆಂಟಿಸ್ ಎಂದು ಆರಿಸಿತ್ತು. ಸೋಮವಾರ ಪಾಸಾದ ಕಾಗದ ತಂದು ತೋರಿಸಬೇಕು. ನಪಾಸಾದರೆ ಮತ್ತೆ ಆರು ತಿಂಗಳಿಗೆ ಪರೀಕ್ಷೆ. ಅಷ್ಟರಲ್ಲಿ ಕೊಂಢವಾದ ಕೆಲಸ ಮುಗಿದು ಮನೆಮಂದಿ ಬೇರೆ ಸೈಟಿಗೆ ಹೋಗುತ್ತಾರೆ, ಇವಳ ತಲೆಯ ಮೇಲೂ ಬುಟ್ಟಿ ಬರುತ್ತದೆ.

ನಾನೇ ಕರೆದು ನೋಟ್‌ಬುಕ್ಕು ಕೊಡಹೋದರೆ, “ನೋಡಿ ಬರ್ಯೋದಾದ್ರ ಮೀಟರ್ ಯಾಕ ಇಟ್ಟೀರಿ ಕಾಕಾ? ಅಡಗಿ ಮನ್ಯಾಗ ಇಡ್ರಿ, ಹಪ್ಪಳ ಲಟ್ಟಸಾಕ ಬರ್ತದ” ಎಂದಳು.

ಪರೀಕ್ಷೆಗೆ ಬೋರ್ಡಿನಿಂದ ಬಂದವರು ಬಿಂದುಮಾಧವ ಸರ್. ಬಿಳಿ ಸಫಾರಿ, ಜೇಬಿನಲ್ಲಿ ಎರಡು ಪೆನ್ನು. ಜಾಬ್ ನಂಬರ್ ಏಳು ಎಂದರೆ ಡ್ರೈವು ಚಾಲೂ ಮಾಡಿ ಎರಡು ವೋಲ್ಟೇಜು ಅಳೆದು ಬರೆಯುವುದು. ಇಪ್ಪತ್ತು ಮಾರ್ಕು. ಇಪ್ಪತ್ಮೂರು ಹುಡುಗರು ನಾಲ್ಕು ನಾಲ್ಕು ಮಂದಿಯಾಗಿ ಬಂದು, ಫೋಟೋಕ್ಕೆ ನಿಂತ ಹಾಗೆ ಮೀಟರಿನ ಕಡ್ಡಿ ಹಿಡಿದು, 5.02, 12.10 ಎಂದು ಬರೆದು ಹಿಂದೆ ಸರಿದು ನಿಂತರು. ಡಬ್ಬಿಯ ಸ್ವಿಚ್ಚನ್ನು ಕೂಡ ಯಾರೂ ಒತ್ತಲಿಲ್ಲ. ಕೊನೆಗೆ ಬಂದ ಆರತಿ ಸ್ವಿಚ್ಚು ಒತ್ತಿದಳು, ಡ್ರೈವಿಗೆ ಫ್ಲಾಪಿ ಹಾಕಿದಳು, ಡಬ್ಬಿಯಿಂದ ಡ್ರೈವಿಗೆ ಹೋಗುವ ಪ್ಲಗ್ಗಿನ ಹಿಂಬದಿಯಿಂದ ಕಡ್ಡಿ ತೂರಿಸಿ ಅಳೆದಳು. ಕೆಂಪು ವೈರಿನ ಮುಂದೆ 4.38 ಎಂದು ಬರೆದಳು.

ಸರ್ ಕಾಗದ ನೋಡಿದರು. “ಚಾರ ಪಾಯಿಂಟ್ ಅಡತೀಸ? ಪಾವಣೆಪಾಚಚ್ಯಾ ಖಾಲೀ ಚಾಲತ ನಾಹೀ.” ನಾಲ್ಕೂಮುಕ್ಕಾಲಿಗಿಂತ ಕೆಳಗೆ ನಡೆಯುವುದಿಲ್ಲ, ಉತ್ತರ ತಪ್ಪು, ಸೊನ್ನೆ.

ಹಿಂದೆ ನಿಂತಿದ್ದವನೊಬ್ಬ, ಐದು ಬರೆ, ನಮ್ಮ ಬಸ್ಸು ತಪ್ಪುತ್ತದೆ ಎಂದು ಗೊಣಗಿದ: “ಪಾಚ ಲಿಹೀ ನಾ ಆರತೀ, ಬಸ್ ಜಾಈಲ ಆಮಚೀ.” ನನಗೂ ತಡೆಯಲಾಗಲಿಲ್ಲ. “ಐದು ಅಂತ ಬರದ್ ಬಿಡವ್ವಾ, ಸೋಮವಾರದ್ದು ನೆನಸ್ಕೋ” ಎಂದೆ.

ಸರ್ ತಿರುಗಿ ನಮ್ಮಿಬ್ಬರನ್ನೂ ನೋಡಿದರು. “ನೀವು ಕನ್ನಡದವರೇನು? ನಾ ವಿಜಾಪುರದಂವ. ಮೂವತ್ತು ವರ್ಷಾತು ಇಲ್ಲಿ.” ದನಿ ಮೆತ್ತಗಾಯಿತು. “ಹಂಗಾದ್ರ ಕೇಳವಾ ತಂಗಿ. ಒಂದ ಅಂಕಿ ತಿದ್ದು. ನಾ ಆಕಡೆ ನೋಡ್ತೀನಿ.”

“ಆಕಡೆ ಯಾಕ್ರಿ ಸರ್, ಈಕಡೆ ನೋಡ್ರಿ. ಮೀಟರ್ ಕಡೆ.”

ಅವರ ಮುಖ ಬಿಗಿಯಿತು. ಡ್ರೈವಿನಿಂದ ಪ್ಲಗ್ಗನ್ನು ಕಿತ್ತು, ಬರೀ ಪ್ಲಗ್ಗಿಗೆ ಕಡ್ಡಿ ಹಚ್ಚಿದರು. ಮೀಟರ್ 5.01 ತೋರಿಸಿತು. ಹುಡುಗರು ಕಿಸಕ್ಕೆಂದರು.

“ಏನಂತಿ ಈಗ?”

“ಈಗ ಅದರ ಮ್ಯಾಲ ಭಾರ ಇಲ್ರಿ ಸರ್. ಬುಟ್ಟಿ ಖಾಲಿ ಇದ್ದಾಗ ಎಲ್ಲಾರ ಬೆನ್ನೂ ನೆಟ್ಟಗ ಇರ್ತದ.” ಪ್ಲಗ್ಗನ್ನು ಮತ್ತೆ ಡ್ರೈವಿಗೆ ಕೂಡಿಸಿದಳು. ಮೋಟರ್ ತಿರುಗಿತು, ದೀಪ ಹತ್ತಿತು, ಒಳಗೆ ಫ್ಲಾಪಿ ಓದುವ ತಲೆ ಮುಂದೆ ಹೋಗಲಾರದೆ ಖಟ್ ಖಟ್ ಎಂದು ಬಡಿದುಕೊಂಡಿತು. “ಈಗ ಹೊತ್ತದ. ನೋಡ್ರಿ.”

4.38. ಒಮ್ಮೆ 4.37 ಆಯಿತು, ಮತ್ತೆ 4.38.

“ಮೀಟರ್ ಕೆಟ್ಟಿರಬೇಕು.”

“ನಿಮಗ ಐದು ತೋರಿಸಿದ್ದೂ ಇದ ಮೀಟರ್‌ರಿ.”

“ಹಂಗಾದ್ರ ಇಪ್ಪತ್ಮೂರು ಮಂದಿ ಸುಳ್ಳು, ನೀ ಒಬ್ಬಾಕಿ ಖರೆ?”

“ಅವ್ರು ಸುಳ್ಳೂ ಅಲ್ಲ, ಖರೇನೂ ಅಲ್ರಿ. ಅವ್ರು ಅಳದೇ ಇಲ್ಲ.”

ಸರ್ ಟೇಬಲ್ಲಿನ ಮೇಲಿದ್ದ ನನ್ನ ನೋಟ್‌ಬುಕ್ಕನ್ನು ಎತ್ತಿ ಹಿಡಿದರು. ಅದೇ ಸರಿಯುತ್ತರವೆಂದು ಅವರ ಕೈಗೆ ಹೋಗಿತ್ತು. “ಇಲ್ಲಿ ನೋಡು. ಇಂಜಿನಿಯರ್ ಮಾಸ್ತರ್ ಅಳದಾರ, ಸಹಿ ಮಾಡ್ಯಾರ. ನೀ ಅವರಿಗಿಂತ ಶ್ಯಾಣ್ಯಾಕಿ?”

ನಾನು ಬಾಗಿಲ ಕಡೆ ನೋಡಿದೆ. ಚಹಾ ತರುವ ಹೊತ್ತಾಗಿತ್ತು, ಹೋಗಬಹುದಿತ್ತು. ನನ್ನ ಜನ್ಮದಲ್ಲಿ ನಾನು ಬರೆದು, ಯಾರಾದರೂ ಓದಿ ನಂಬಿದ್ದು ಆ ಎರಡು ಅಂಕಿಗಳನ್ನು ಮಾತ್ರ. ಅವನ್ನೇ ಎತ್ತಿ ಈಗ ಈ ಹುಡುಗಿಯ ತಲೆಗೆ ಹೊಡೆಯುತ್ತಿದ್ದರು.

“ಅದು ನಾ ಅಳದದ್ದು ಸರ್” ಎಂದೆ. “ಸಹಿ ಅವರದು, ಅಂಕಿ ನಂದು. ಹನ್ನೊಂದು ವರ್ಷದ ಹಿಂದ ಖರೆ ಇತ್ತು. ಈಗಿಲ್ಲ.”

ಸರ್ ನನ್ನನ್ನು ಮೊದಲ ಸಲ ಗಮನವಿಟ್ಟು ನೋಡಿದರು. “ನೀ ಯಾರು?”

“ಪ್ಯೂನ್‌ರಿ.”

ಅವರು ಇನ್ನೇನು ಹೇಳುವ ಮೊದಲೇ ನಾನು ಗೋಡೆಯಿಂದ ವೈರು ಕಿತ್ತು, ಡಬ್ಬಿಯ ನಾಲ್ಕು ಸ್ಕ್ರೂ ಬಿಚ್ಚಿ ಮುಚ್ಚಳ ತೆಗೆದೆ. ಭಾರ ಬಿದ್ದಾಗ ವೋಲ್ಟೇಜು ಎತ್ತಿ ಹಿಡಿಯುವ ಒಳಗಿನ ದೊಡ್ಡ ಕೆಪಾಸಿಟರಿನ ನೆತ್ತಿ ಹೂರಣ ಹೆಚ್ಚಾದ ಹೋಳಿಗೆಯ ಹಾಗೆ ಉಬ್ಬಿತ್ತು, ಬುಡದಲ್ಲಿ ಕಂದು ಅಂಟು ಇಳಿದಿತ್ತು. ಅದು ಸತ್ತು ಎಷ್ಟು ಬ್ಯಾಚು ಕಳೆದಿದ್ದವೋ. ಸರ್ ಬಾಗಿ ನೋಡಿದರು. ಕನ್ನಡಕ ತೆಗೆದು ಇನ್ನೊಮ್ಮೆ ನೋಡಿದರು.

“ಅದಿರಲಿ. ನನಗ ಕೊಟ್ಟ ಉತ್ತರ ಐದು. ನಾ ಅದಕ್ಕ ಮಾರ್ಕ್ ಹಾಕಬೇಕು.”

ಆರತಿ ತನ್ನ ಕಾಗದವನ್ನು ಅವರ ಮುಂದೆ ಸರಿಸಿದಳು. “ಸೊನ್ನೀನ ಹಾಕ್ರಿ ಸರ್, ನಾ ಬ್ಯಾಡ ಅನ್ನಾಂಗಿಲ್ಲ. ಆದ್ರ ಅದರ ಬಾಜೂಕ, ಮೀಟರ್ ನನ್ನ ಕಣ್ಣ ಮುಂದ ನಾಲ್ಕು ಪಾಯಿಂಟ್ ಮೂವತ್ತೆಂಟು ತೋರಿಸ್ತು ಅಂತ ಬರದು ಸಹಿ ಮಾಡ್ರಿ. ಎರಡೂ ಕೂಡೇ ಇರ್ಲಿ.”

ಸರ್ ಪೆನ್ನಿನ ಟೊಪ್ಪಿಗೆ ತೆಗೆದರು, ಹಾಕಿದರು, ತೆಗೆದರು. ಅವಳು ಕೈಕಟ್ಟಿಕೊಂಡು ನಿಂತಿದ್ದಳು, ಉಗುರು ಮೊಣಕೈಯಲ್ಲಿ ನೆಟ್ಟಿದ್ದು ನನಗೆ ಕಾಣುತ್ತಿತ್ತು. ಹೊರಗೆ ಉಳ್ಳಾಗಡ್ಡಿ-ಬಟಾಟೆ ಗಾಡಿಯವನು ಎರಡು ಸಲ ಕೂಗಿ ಮುಂದೆ ಹೋದ.

“ಇಂಥಾ ಮಾತು ವಿಜಾಪುರದಾಗೂ ಕೇಳಿರಲಿಲ್ಲ ನಾ” ಎಂದು ಸರ್ 18 ಬರೆದರು. “ಎರಡು ಮಾರ್ಕು ಅಕ್ಷರಕ್ಕ ಕಟ್. ಕೋಳಿ ಕೆದರಿದಾಂಗ ಬರೀತಿ.”

“ಅದು ಖರೆ ಐತ್ರಿ” ಎಂದಳು ಆರತಿ.

ಅವರು ಅಷ್ಟಕ್ಕೇ ಏಳಲಿಲ್ಲ. ಉಳಿದ ಇಪ್ಪತ್ಮೂರು ಕಾಗದಗಳನ್ನೂ ತಿರುಗಿ ಹಂಚಿ, ಪ್ಲಗ್ಗು ಹಾಕಿ, ಓಡಿಸಿ, ಅಳೆದು ಬರೆಯಿರಿ ಎಂದರು. ಬಸ್ಸು ತಪ್ಪಿತು. ಹುಡುಗರು ಆರತಿಯನ್ನು ಮರಾಠಿಯಲ್ಲಿ ಬೈದದ್ದನ್ನು ನಾನು ಇಲ್ಲಿ ಬರೆಯಲಾರೆ. ಅವಳು ಹೋಗದೆ ಅಲ್ಲೇ ಸ್ಟೂಲಿನ ಮೇಲೆ ಕುಳಿತು, “ಕರಿ ಕಡ್ಡಿ ಕರಿ ವೈರಿಗೆ, ದಾದಾ” ಎಂದು ಒಬ್ಬೊಬ್ಬರಿಗೂ ಹೇಳುತ್ತಿದ್ದಳು. ಅದಕ್ಕೂ ಬೈದರು.

ಎಲ್ಲರೂ ಹೋದ ಮೇಲೆ ನಾನು ನೋಟ್‌ಬುಕ್ಕು ತೆರೆದು, 5.02ರ ಮೇಲೆ ಗೆರೆ ಎಳೆದು, ಕೆಳಗೆ 4.38 ಎಂದು ಬರೆಯಹೋದೆ. ಆರತಿ ಪೆನ್ನಿನ ಮೇಲೆ ಕೈ ಇಟ್ಟಳು.

“ಬರೀಬ್ಯಾಡ್ರಿ ಕಾಕಾ. ಮುಂದಿನ ವರ್ಷ ಇದನ್ನ ನಕಲ್ ಮಾಡ್ತಾರ.”

“ಮತ್ತ ಹುಡುಗ್ರು ಕೇಳಿದ್ರ ಏನ್ ಕೊಡ್ಲಿ?”

ಅವಳು ಮೀಟರನ್ನು ನನ್ನ ಕಡೆ ಸರಿಸಿ, ಚಪ್ಪಲಿ ಮೆಟ್ಟಿಕೊಂಡು ಹೊರಟಳು. ಸೋಮವಾರ ಬೆಳಿಗ್ಗೆ ರಾಂಜಣಗಾಂವಕ್ಕೆ ಹೋದಳು. ಕೆಪಾಸಿಟರನ್ನು ನಾನೇ ಬದಲಿಸಿದೆ. ಡ್ರೈವು ಈಗ ಎಷ್ಟು ತೋರಿಸುತ್ತದೆ ಎಂದು ಕೇಳಬೇಡಿ, ಹೇಳುವುದಿಲ್ಲ.